ಗೆರಟೆ ಹಾಲಿನಲ್ಲಿ ಗಾಡಿ ಅಳೆಯುವ ಟೋಮಿಯಣ್ಣ

ಬೆಳಗಿನ ಜಾವ ಐದೂಮುಕ್ಕಾಲು. ಕಡಬದಿಂದ ನೆಲ್ಯಾಡಿಗೆ ಹೋಗುವ ರಸ್ತೆಯ ಪಕ್ಕದ ತಗಡಿನ ಶೆಡ್ಡು. ಅದರ ಅಂಗಳದಲ್ಲಿ ಟೋಮಿ ಎರಡು ಕಾರುಗಳಿಗೆ ಹದಿನೇಳನೇ ಸುತ್ತು ಹಾಕುತ್ತಿದ್ದಾರೆ. ಹದಿನೇಳು ಎಂದು ಎಣಿಸಿದ್ದು ಹೆಂಡತಿ ಏಲಿಕುಟ್ಟಿ. ತಲೆಗೆ ಟಾರ್ಚು ಕಟ್ಟಿಕೊಂಡು ಗುಡ್ಡದ ರಬ್ಬರ್ ಮರಗಳಿಗೆ ಕತ್ತಿ ಹಾಕಿ ಇಳಿದು ಬಂದ ಆಕೆ, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗಂಡನ ಚಾ ಲೋಟ ಹಿಡಿದು ನಿಂತಿದ್ದಾರೆ.

"ಇಚ್ಚಾಯ, ಹೀಗೆ ಸುತ್ತು ಹಾಕುವ ಬದ್ಲು ನೇರ ನಡೆದಿದ್ರೆ ಇಷ್ಟೊತ್ತಿಗೆ ಉಪ್ಪಿನಂಗಡಿ ಮುಟ್ತಿದ್ರಿ. ಚಾ ತಣಿದು ನೀರಾಯ್ತು."

ಟೋಮಿಗೆ ಕೇಳಿಸುವುದಿಲ್ಲ. ಹದಿನೆಂಟನೇ ಸುತ್ತು ಶುರುವಾಗಿದೆ.

ಕಾರುಗಳೆರಡೂ ಎರಡೇ ಸೀಟಿನ ಸ್ಪೋರ್ಟ್ಸ್ ಕಾರುಗಳು. ಎಷ್ಟು ತಗ್ಗು ಎಂದರೆ, ಏಲಿಕುಟ್ಟಿಯ ಕೋಳಿಗಳು ಅವುಗಳ ಅಡಿಗೆ ಹೋಗಲು ಮೊದಲು ಬಗ್ಗಿ ನಮಸ್ಕಾರ ಹಾಕಬೇಕು. ಒಂದು ನೀಲಿ, ಇನ್ನೊಂದು ಹಣ್ಣಡಿಕೆಯ ಹಳದಿ. ನಿನ್ನೆ ಇವನ್ನು ನೋಡಲು ಬಂದವರನ್ನು ಸಾಲಾಗಿ ನಿಲ್ಲಿಸಿದ್ದರೆ ಸಾಲಿನ ಬಾಲ ಸವಣೂರು ಪೇಟೆಯಲ್ಲಿ ಇರುತ್ತಿತ್ತು. ಎರಡೂ ಒಂದೇ ಕಂಪನಿಯವು, ಒಂದೇ ವಯಸ್ಸಿನವು, ಒಂದೇ ಎಂಜಿನ್. ವ್ಯತ್ಯಾಸ ಒಂದೇ. ಹಳದಿ ಕಾರಿಗೆ ಅಡಾಪ್ಟಿವ್ ಸಸ್ಪೆನ್ಷನ್ ಉಂಟು, ಅಂದರೆ ರಸ್ತೆಯನ್ನು ನೋಡಿಕೊಂಡು ತಾನೇ ಗಟ್ಟಿಯಾಗುವ, ತಾನೇ ಮೆತ್ತಗಾಗುವ ಶಾಕ್ ಅಬ್ಸಾರ್ಬರು. ಅದಕ್ಕಾಗಿ ಆರು ಲಕ್ಷ ಹೆಚ್ಚು. ಅಷ್ಟು ಕೊಡಬೇಕೋ ಬೇಡವೋ ಎಂಬುದನ್ನು ಈವತ್ತು ಹತ್ತು ಗಂಟೆಗೆ ಟೋಮಿ ಒಂದೇ ಮಾತಿನಲ್ಲಿ ಹೇಳಬೇಕು. ಆ ಮಾತಿಗೆ ಕಾಯುತ್ತಿರುವುದು ಆಲೆಟ್ಟಿಯ ದಮಯಂತಿಯವರ ಬೆನ್ನುಮೂಳೆ.

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕಿನಲ್ಲಿ ಗಾಡಿ ತಕೊಳ್ಳುವವರು ಮೊದಲು ಜಾತಕ ನೋಡಿಸುತ್ತಾರೋ ಇಲ್ಲವೋ, ಟೋಮಿಗೆ ತೋರಿಸದೆ ಅಡ್ವಾನ್ಸ್ ಕೊಡುವುದಿಲ್ಲ. ಶೆಡ್ಡಿಗೆ ಬೋರ್ಡು ಇಲ್ಲ, ವಿಸಿಟಿಂಗ್ ಕಾರ್ಡು ಇಲ್ಲ, ಪೇಪರಿನಲ್ಲಿ ಹೆಸರು ಬಂದದ್ದು ಇಲ್ಲ. ಸೋರುವ ಶಾಕ್ ಅಬ್ಸಾರ್ಬರನ್ನು ಬಿಚ್ಚಿ, ರಾಡು ಉಜ್ಜಿ, ಸೀಲು ಬದಲಿಸಿ, ಎಣ್ಣೆ ತುಂಬಿಸಿ ಮತ್ತೆ ಮುಚ್ಚುವುದು ಅವರ ಕೆಲಸ. ದಿನಕ್ಕೆ ಒಂಬತ್ತರಂತೆ ಮೂವತ್ತೊಂದು ವರ್ಷ. ಎಲ್ಲವನ್ನೂ ಒಂದರ ಮೇಲೊಂದು ನಿಲ್ಲಿಸಿದರೆ ಕುಮಾರಪರ್ವತ ಹತ್ತುವವರು ಇತ್ತ ತಿರುಗಿಯಾರು.

ವಯಸ್ಸು ಐವತ್ತೇಳು. ಈ ಐವತ್ತೇಳು ವರ್ಷದಲ್ಲಿ ಟೋಮಿ ಒಂದೇ ಕಡೆ ಐದು ನಿಮಿಷ ಕೂತದ್ದನ್ನು ಕಂಡ ಪ್ರತ್ಯಕ್ಷ ಸಾಕ್ಷಿ ಒಬ್ಬರೂ ಇಲ್ಲ. ಊಟಕ್ಕೆ ಕೂತರೆ ಅನ್ನಕ್ಕೂ ಸಾರಿಗೂ ನಡುವೆ ಎದ್ದು ಶೆಡ್ಡಿಗೆ ಹೋಗಿ ಬರುತ್ತಾರೆ. ಚರ್ಚಿನಲ್ಲಿ ಪ್ರಸಂಗದ ನಡುವೆ ಹೊರಗೆ ಜಾರಿ, ನಿಲ್ಲಿಸಿದ ಬೈಕುಗಳ ಸೀಟು ಒಂದೊಂದಾಗಿ ಒತ್ತಿ ನೋಡಿ, ಆಮೆನ್ ಹೇಳುವ ಹೊತ್ತಿಗೆ ಸರಿಯಾಗಿ ಒಳಗೆ ಬರುತ್ತಾರೆ. "ಮದ್ವೆ ದಿವ್ಸ ಫೋಟೋಕ್ಕೆ ನಿಲ್ಲಿ ಅಂತ ಹುಡುಕಿದ್ರೆ ಇವ್ರು ಇಲ್ಲ," ಎನ್ನುತ್ತಾರೆ ಏಲಿಕುಟ್ಟಿ. "ನಾನು ಬಂದ ಜೀಪಿನ ಅಡಿಯಲ್ಲಿ ಮಲಗಿದ್ರು. ಹೊಸ ಪ್ಯಾಂಟು. ನನ್ನ ಅಮ್ಮ ಅಲ್ಲೇ ಅಳ್ಲಿಕ್ಕೆ ಶುರು ಮಾಡಿದ್ರು."

ಅಪ್ಪ ಕೋಟ್ಟಯಂ ಕಡೆಯಿಂದ ರಬ್ಬರ್ ಗಿಡದ ಕಟ್ಟು ಹೊತ್ತು ಬಂದು ಈ ಗುಡ್ಡದಲ್ಲಿ ನಿಂತವರು. ಟೋಮಿ ಇಪ್ಪತ್ತಕ್ಕೆ ಜೀಪು ಹಿಡಿದರು. ನಲವತ್ತು ಮನೆಗಳ ರಬ್ಬರ್ ಹಾಲನ್ನು ಕ್ಯಾನಿನಲ್ಲಿ ಒಟ್ಟು ಮಾಡಿ ಸಂಗ್ರಹಣೆಯ ಶೆಡ್ಡಿಗೆ ಮುಟ್ಟಿಸುವ ಕೆಲಸ. ರಬ್ಬರ್ ಹಾಲು ಮಹಾ ಕೋಪಿಷ್ಠ. ದಾರಿಯಲ್ಲಿ ಜಾಸ್ತಿ ಕುಲುಕಿದರೆ ಕ್ಯಾನಿನೊಳಗೇ ಮುದ್ದೆಯಾಗಿ ಕೂತುಬಿಡುತ್ತದೆ. ಆಗಿನ ಜೀಪುಗಳು ಕುಲುಕುವುದೆಂದರೆ ಕುಡಿದ ಚಾ ಮತ್ತೆ ಬಾಯಿಗೆ ಬಂದು ವಿಚಾರಿಸುತ್ತಿತ್ತು. ಒಂದೇ ವಾರದಲ್ಲಿ ಮೂರು ಸಲ ಹಾಲು ಮುದ್ದೆಯಾಗಿ, ನಲವತ್ತು ಮನೆಯವರಿಂದ ಮಲಯಾಳದಲ್ಲೂ ತುಳುವಿನಲ್ಲೂ ಅರೆಭಾಷೆಯಲ್ಲೂ ಬೈಸಿಕೊಂಡ ಮೇಲೆ ಟೋಮಿ ಜೀಪಿನ ಅಡಿಗೆ ಹೋದರು. ಇನ್ನೂ ಪೂರ್ತಿ ಹೊರಗೆ ಬಂದಿಲ್ಲ.

ಗೆರಟೆಯ ಉಪಾಯ ಹುಟ್ಟಿದ್ದು ಆಗಲೇ. ಮರಕ್ಕೆ ಕಟ್ಟುವ ತೆಂಗಿನ ಗೆರಟೆಯಲ್ಲಿ ಅರ್ಧ ಹಾಲು ಹಾಕಿ ಗಾಡಿಯ ಮುಂದೆ ಮೇಣದಲ್ಲಿ ಕೂರಿಸುವುದು, ಒಂದು ಸುತ್ತು ಹೋಗಿ ಬರುವುದು. ಹಾಲು ಎದ್ದಷ್ಟು ಎತ್ತರಕ್ಕೆ ಗೆರಟೆಯ ಒಳಬದಿಗೆ ಬಿಳಿ ಅಂಟಿಕೊಳ್ಳುತ್ತದೆ. ಹಾಲಿನ ಮಟ್ಟದಿಂದ ಆ ಗೆರೆಯವರೆಗೆ ಎಷ್ಟು ಬೆರಳು ಎಂದು ಅಳೆದರೆ ಮುಗಿಯಿತು. "ನೀರಾದ್ರೆ ಎದ್ದದ್ದು ಇಳಿದ ಮೇಲೆ ಮರೆತುಬಿಡ್ತದೆ ಮಾರಾಯ್ರೆ," ಎನ್ನುತ್ತಾರೆ ಟೋಮಿ. "ಹಾಲು ಹಾಗಲ್ಲ, ಗೆರೆ ಹಾಕಿಡ್ತದೆ. ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ ಅದಕ್ಕೆ." ಹಾಗೆ ಅಳೆದ ಗೆರಟೆಗಳು ಒಣಗಿ, ಗಾಡಿ ನಂಬರು ಬರೆಸಿಕೊಂಡು, ಶೆಡ್ಡಿನ ಗೋಡೆಯಲ್ಲಿ ನೇತಾಡುತ್ತವೆ. ಗೋಡೆ ನಿಂತಿರುವುದು ಸಿಮೆಂಟಿನಿಂದಲ್ಲ, ಗೆರಟೆಯಿಂದ ಎಂಬುದು ಊರಿನ ನಂಬಿಕೆ.

ಕಷ್ಟ ಕೇಳಿದರೆ ಎಡಗೈ ಎತ್ತಿ ತೋರಿಸುತ್ತಾರೆ. ನಡುಬೆರಳ ತುದಿ ಇಲ್ಲ. ಒತ್ತಿ ಹಿಡಿದ ಸ್ಪ್ರಿಂಗು ಜಾರಿದಾಗ ಹೋದದ್ದು. ಮಂಡಿ ಎರಡೂ ಸವೆದಿವೆ. ಅದಕ್ಕಿಂತ ದೊಡ್ಡದು ಬೇರೆ: ದಿನಕ್ಕೆ ಒಂಬತ್ತು ಶಾಕ್ ಬರುತ್ತಿದ್ದದ್ದು ಈಗ ಮೂರು. ಹೊಸ ಗಾಡಿಗಳ ಶಾಕ್ ಅಬ್ಸಾರ್ಬರನ್ನು ಬಿಚ್ಚುವ ಪದ್ಧತಿ ಇಲ್ಲ. ಸೋರಿದರೆ ಎಸೆದು ಹೊಸದು ಹಾಕಬೇಕು. ಹಾಗಿದ್ದೂ ಟೋಮಿ ಬಿಚ್ಚುತ್ತಾರೆ. ಆದರೆ ಅಡಾಪ್ಟಿವ್ ಎಂಬುದರ ಎದುರು ಮಾತ್ರ ಆ ಒಂಬತ್ತೂವರೆ ಬೆರಳು ಸುಮ್ಮನೆ ನಿಂತಿವೆ.

"ಸಾದಾ ಶಾಕಿಗೆ ಒಂದೇ ಸ್ವಭಾವ. ಹುಟ್ಟಿದ ಹಾಗೆ ಸಾಯುವವರೆಗೆ," ಎಂದು ಟೋಮಿ ವಿವರಿಸುತ್ತಾರೆ. "ಒಳಗೆ ಎಣ್ಣೆ ಉಂಟು, ಎಣ್ಣೆ ಹೋಗುವ ತೂತು ಉಂಟು. ತೂತು ಸಣ್ಣದಾದ್ರೆ ಗಟ್ಟಿ, ದೊಡ್ಡದಾದ್ರೆ ಮೆತ್ತಗೆ. ಇದರಲ್ಲಿ ಎಂತ ಅಂದ್ರೆ, ಆ ತೂತನ್ನು ಓಡುವಾಗಲೇ ಕರೆಂಟು ಬಂದು ದೊಡ್ಡದು ಸಣ್ಣದು ಮಾಡ್ತದೆ. ಬಿಚ್ಚಿದ್ರೆ ವಯರು. ವಯರು ಮುಟ್ಟಿದ್ರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ. ನಾನು ಅಲ್ಲಿಗೆ ಮುಗೀತು."

ಈಗ ಆಲೆಟ್ಟಿಯ ಕಥೆ. ಅಲ್ಲಿಯ ಕೃಷಿಕ ಕುಕ್ಕಪ್ಪನವರಿಗೂ ದಮಯಂತಿಗೂ ಮದುವೆಯಾಗಿ ಮೂವತ್ತೆಂಟು ವರ್ಷ. ಆ ಮನೆಗೆ ಸೈಕಲ್ ಬಂತು, ಸ್ಕೂಟರ್ ಬಂತು, ಜೀಪು ಬಂತು, ಪಿಕಪ್ ಬಂತು. ಪ್ರತಿಯೊಂದಕ್ಕೂ ಮೊದಲು ಹತ್ತಿದ್ದು ಗೋಣಿ, ಆಮೇಲೆ ದಮಯಂತಿ. ಗೊಬ್ಬರದ ಗೋಣಿ, ಹಿಂಡಿಯ ಗೋಣಿ, ಅಡಿಕೆಯ ಗೋಣಿ. ಸುಳ್ಯ ಪೇಟೆಗೆ ಹೋಗುವ ಹೆಣ್ಣು ಸೀಟಿನ ಮೇಲೆ ಕೂತದ್ದಕ್ಕಿಂತ ಗೋಣಿಯ ಮೇಲೆ ಕೂತದ್ದೇ ಹೆಚ್ಚು. ಒಂಬತ್ತು ವರ್ಷದ ಹಿಂದೆ ಬೆನ್ನುಮೂಳೆಯ ಆಪರೇಷನ್ ಆಯಿತು. ಡಾಕ್ಟರು ಪ್ರಯಾಣ ಬೇಡ ಎನ್ನಲಿಲ್ಲ, ಕುಲುಕಬಾರದು ಎಂದರು. ಈ ತಾಲೂಕುಗಳಲ್ಲಿ ಇವೆರಡಕ್ಕೂ ವ್ಯತ್ಯಾಸ ಇಲ್ಲ. ಅಂದಿನಿಂದ ದಮಯಂತಿ ಯಾವ ಗಾಡಿ ಹತ್ತಿದರೂ ಎರಡು ಕೈಯಲ್ಲಿ ಹಿಡಿಕೆ ಹಿಡಿದು, ಕಣ್ಣು ರಸ್ತೆಗೆ ನೆಟ್ಟು, ಇಳಿಯುವವರೆಗೆ ಉಸಿರು ಬಿಗಿಹಿಡಿದೇ ಕೂರುವುದು. ತವರುಮನೆಗೆ ಹೋಗದೆ ನಾಲ್ಕು ವರ್ಷ ಆಗಿತ್ತು.

ಈ ದೀಪಾವಳಿಗೆ ಕುಕ್ಕಪ್ಪ ಎಂತ ಬೇಕು ಎಂದು ಕೇಳಿದರು. ಬಳೆ ಹೇಳಬಹುದು ಎಂದುಕೊಂಡಿದ್ದರು.

"ಒಂದು ಗೋಣಿ ಸಹ ಹಿಡಿಯದ ಗಾಡಿ ಬೇಕು," ಎಂದರು ದಮಯಂತಿ. "ಎರಡೇ ಸೀಟು. ಮತ್ತೆಂತದೂ ಇರ್ಬಾರ್ದು."

ಅಂಥ ಗಾಡಿ ಎಂದರೆ ಸ್ಪೋರ್ಟ್ಸ್ ಕಾರು ಎಂದು ಗೊತ್ತಾದ ದಿನ ಕುಕ್ಕಪ್ಪನವರಿಗೆ ಜ್ವರ ಬಂತು, ಇಳಿಯಿತು. ಮಂಗಳೂರಿನಲ್ಲಿ ಹಳೆಯ ಕಾರು ಮಾರುವ ಒಂದು ಕಡೆ ಇವೆರಡು ಸಿಕ್ಕವು. ಅಲ್ಲಿಯ ಸೇಲ್ಸ್‌ಮನ್ ಚಿನ್ಮಯ ಇನ್ನೊಬ್ಬ ಡ್ರೈವರನ್ನು ಕರೆದುಕೊಂಡು ಎರಡೂ ಕಾರನ್ನು ನಿನ್ನೆ ಬೆಳಿಗ್ಗೆ ಮೊದಲು ಆಲೆಟ್ಟಿಗೆ ತಂದ. ದಮಯಂತಿ ಅಂಗಳದಲ್ಲೇ ನೋಡಿ ಎರಡೂ ಚೆಂದ ಉಂಟು ಎಂದರು. ಅಲ್ಲಿ ಚಾ ಕುಡಿದು, ಕುಕ್ಕಪ್ಪನವರನ್ನು ಕೂರಿಸಿಕೊಂಡು, ಕಾರುಗಳು ಟೋಮಿಯ ಶೆಡ್ಡಿಗೆ ಬಂದವು.

ಗೆರಟೆ ಕಂಡ ಚಿನ್ಮಯ ಕೈ ಅಡ್ಡ ಹಿಡಿದ. "ಸರ್, ಡ್ಯಾಶ್‌ಬೋರ್ಡ್ ಮೇಲೆ ರಬ್ಬರ್ ಹಾಲಾ? ಬೇಡ ಸರ್. ಇದ್ರಲ್ಲಿ ಸೆನ್ಸರ್ ಉಂಟು, ಸೆಕೆಂಡಿಗೆ ನೂರು ಸಲ ರಸ್ತೆ ಓದ್ತದೆ."

"ಓದ್ಲಿ. ಓದಿದವ್ರೆಲ್ಲ ಪಾಸಾಗ್ತಾರಾ?" ಎಂದು ಟೋಮಿ ಮೇಣ ಒತ್ತಿಯೇಬಿಟ್ಟರು.

ಎರಡೂ ಕಾರು ಒಂದೊಂದು ಸುತ್ತು ಹೋಗಿ ಬಂದವು. ಸಾದಾ ನೀಲಿ ಕಾರಿನ ಗೆರಟೆಯಲ್ಲಿ ಗೆರೆ ಎರಡು ಬೆರಳು. ಆರು ಲಕ್ಷ ಹೆಚ್ಚಿನ ಹಳದಿಯಲ್ಲಿ ಅಂಚು ದಾಟಿ ಹಾಲು ಚೆಲ್ಲಿತ್ತು. ಚಿನ್ಮಯ ಕರ್ಚೀಪು ತೆಗೆದು ಮೊದಲು ಡ್ಯಾಶ್‌ಬೋರ್ಡು ಒರೆಸಿದ, ಆಮೇಲೆ ಹಣೆ. ಹಣ ಉಳಿಯಿತು ಎಂದು ಕುಕ್ಕಪ್ಪ ಕುಣಿಯಬೇಕಿತ್ತು. ಬದಲಿಗೆ ಮೋರೆ ಬಾಡಿತು. "ಹಾಗಾದ್ರೆ ಅಷ್ಟು ಕೊಟ್ರೂ ಅವಳ ಬೆನ್ನಿಗೆ ಇಲ್ವಾ ಟೋಮಿಯಣ್ಣ?"

ಇನ್ನು ಸಂತೋಷಪಡಬೇಕಾದವರು ಅಲ್ಲಿ ಟೋಮಿ ಒಬ್ಬರೇ. ಬಿಚ್ಚಲಾಗದ ಯಂತ್ರ ಸೋತಿದೆ, ಬಿಚ್ಚಬಹುದಾದ್ದು ಗೆದ್ದಿದೆ. ಈ ಸುದ್ದಿ ಹಬ್ಬಿದರೆ ಟೋಮಿಯ ಶೆಡ್ಡಿಗೆ ಇನ್ನೂ ಹತ್ತು ವರ್ಷ ಆಯುಷ್ಯ. ಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿ ಟೋಮಿ ಅದನ್ನು ನುಂಗಿ, "ನಾಳೆ ಹತ್ತು ಗಂಟೆಗೆ ಹೇಳ್ತೇನೆ" ಎಂದರು. ಕಾರುಗಳು ಅಂಗಳದಲ್ಲೇ ಉಳಿದವು. ಚಿನ್ಮಯ ಬೀಗದ ಕೈಗಳನ್ನು ಇವರಿಗೆ ಕೊಟ್ಟು ಕಡಬದ ಲಾಡ್ಜಿಗೆ ಹೋದ.

ಹಾಗಾಗಿ ಈ ಹದಿನೆಂಟನೇ ಸುತ್ತು.

"ಎಂತ ಆಗುದು ನಿಮ್ಗೆ? ಹಾಲು ಹೇಳಿ ಆಯ್ತಲ್ಲ," ಎನ್ನುತ್ತಾರೆ ಏಲಿಕುಟ್ಟಿ.

"ಅದೇ ಹೆದರಿಕೆ," ಎನ್ನುತ್ತಾರೆ ಟೋಮಿ. "ನನ್ಗೆ ಬೇಕಾದ ಉತ್ತರವೇ ಬಂತು. ಹಾಗೆ ಬರ್ಬಾರ್ದು."

ಹತ್ತೊಂಬತ್ತನೇ ಸುತ್ತಿನಲ್ಲಿ ಬೆಳಕು ಹರಿಯುತ್ತದೆ. ಟೋಮಿ ನೀಲಿ ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸುತ್ತಾರೆ. ಮೂರು ಬೆರಳು. ಹಳದಿಯ ಹಿಂದೆ ಹೋಗುತ್ತಾರೆ. ಒಂದೇ ಬೆರಳು, ಅದೂ ತುದಿ ಇಲ್ಲದ್ದು. ಖಾಲಿ ನಿಂತ ಕಾರು ಹಿಂದೆ ತಗ್ಗಿದೆ. ಡಿಕ್ಕಿ ತೆರೆಯುತ್ತಾರೆ. ಒಳಗೆ ಗೋಣಿಯಲ್ಲಿ ನೀಟಾಗಿ ಸುತ್ತಿ, ಅಲುಗಾಡದಂತೆ ಹಗ್ಗ ಬಿಗಿದು, ಎರಡು ಕೆಂಪುಕಲ್ಲು! ಮನೆ ಕಟ್ಟುವ ಕಲ್ಲು. ಒಂದೊಂದೂ ಒಂದೂವರೆ ಮಗುವಿನ ಭಾರ ಎಂದು ಹೇಳಬಹುದಿತ್ತು, ಆದರೆ ನಿಜವಾಗಿ ಒಂದನ್ನು ಎತ್ತಲು ಟೋಮಿಗೂ ಏಲಿಕುಟ್ಟಿಗೂ ಸೇರಿ ನಾಲ್ಕು ಕೈ ಬೇಕಾಯಿತು.

ಈ ಕಡೆಯ ಜೀಪು ಇಟ್ಟವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಖಾಲಿ ಜೀಪು ಹಾರುತ್ತದೆ. ಹಾರದಿರಲಿ ಎಂದು ಹಿಂದೆ ಎರಡು ಕಲ್ಲು ಇಡುವುದು ಇಲ್ಲಿಯ ಕ್ರಮ. ಹೆರಿಗೆಗೆ ಕರೆದೊಯ್ಯುವಾಗಲೂ, ಮದುಮಗಳನ್ನು ತರುವಾಗಲೂ ಹಿಂದೆ ಕಲ್ಲು ಉಂಟು. ಜೀಪಿನ ದಪ್ಪ ಪ್ಲೇಟಿನ ಸ್ಪ್ರಿಂಗುಗಳಿಗೆ ಭಾರ ಬಿದ್ದರೆ ಅದು ತಲೆಬಗ್ಗಿಸಿ ಮೆತ್ತಗೆ ಹೋಗುತ್ತದೆ. ಆದರೆ ನೆಲ ನೆಕ್ಕುವಷ್ಟು ತಗ್ಗಿನ ಸ್ಪೋರ್ಟ್ಸ್ ಕಾರಿಗೆ ಆಡಲು ಇರುವ ಜಾಗವೇ ಮೂರು ಬೆರಳು. ಅದರಲ್ಲಿ ಎರಡನ್ನು ಕಲ್ಲು ತಿಂದರೆ, ಸೆಕೆಂಡಿಗೆ ನೂರಲ್ಲ, ಸಾವಿರ ಸಲ ರಸ್ತೆ ಓದಿದರೂ ಎಂತ ಪ್ರಯೋಜನ? ಕೈಕಾಲು ಕಟ್ಟಿ ಕುಣಿ ಎಂದ ಹಾಗೆ.

ಟೋಮಿ ಫೋನು ತೆಗೆದರು. "ಕುಕ್ಕಪ್ಪಣ್ಣ, ಬರುವಾಗ ಅಕ್ಕನನ್ನೂ ಕರ್ಕೊಂಡು ಬನ್ನಿ. ಬರ್ಲೇಬೇಕು."

ಒಂಬತ್ತೂವರೆಗೆ ಚಿನ್ಮಯ ಲಾಡ್ಜಿನಿಂದ ಬಂದ, ಹಿಂದೆಯೇ ಕುಕ್ಕಪ್ಪನವರ ಪಿಕಪ್ ಬಂತು. ದಮಯಂತಿ ಹಿಡಿಕೆಯಿಂದ ಒಂದೊಂದೇ ಬೆರಳು ಬಿಡಿಸಿಕೊಂಡು ಇಳಿದರು. ಅಂಗಳದ ನಡುವೆ ಎರಡು ಕೆಂಪುಕಲ್ಲು, ಪಕ್ಕದಲ್ಲಿ ಮಡಚಿಟ್ಟ ಗೋಣಿ. ಕುಕ್ಕಪ್ಪ ಆಕಾಶ ನೋಡಿದರು. ಅಲ್ಲಿ ಎಂತದೂ ಇರಲಿಲ್ಲ.

"ಇದು ನಮ್ಮ ಕಾಂಪೌಂಡಿನ ಕಲ್ಲಲ್ವಾ?" ಎಂದರು ದಮಯಂತಿ.

"ಅದು... ಚಿನ್ಮಯ ಚಾ ಕುಡಿಯುವಾಗ ನಾನೇ ಆಳನ್ನು ಕರೆದು ಇಡಿಸಿದ್ದು. ಖಾಲಿ ಗಾಡಿ ಹಾರ್ತದೆ ಅಂತ. ಹಳದಿಗೆ ಮಾತ್ರ."

"ಹಳದಿಗೆ ಮಾತ್ರ ಎಂತಕ್ಕೆ?" ಎಂದು ಟೋಮಿ ಕೇಳಿದರು.

"ಅದೇ ಗೆಲ್ಲಲಿ ಅಂತ ಮಾರಾಯ! ಇವಳಿಗೆ ಒಳ್ಳೆದು ಅದೇ ಅಂತ ನನ್ಗೆ ಅನಿಸಿತ್ತು. ಸ್ವಲ್ಪ ಸಹಾಯ ಮಾಡುವ ಅಂತ."

ದಮಯಂತಿ ಗಂಡನ ಮುಖವನ್ನು ಮೂವತ್ತೆಂಟು ವರ್ಷದಷ್ಟು ಹೊತ್ತು ನೋಡಿದರು. "ಎರಡೇ ಸೀಟಿನ ಗಾಡಿ ಕೇಳಿದೆ, ಗೋಣಿಗೆ ಜಾಗ ಇರ್ಬಾರ್ದು ಅಂದೆ. ಅದ್ರಲ್ಲೂ ಗೋಣಿ ಇಟ್ರಿ. ಬರೀ ಗೋಣಿ ಅಲ್ಲ, ಒಳಗೆ ಕಲ್ಲು! ನಿಮ್ಮನ್ನು ಎಂತ ಮಾಡುದು ನಾನು?" ಸೆರಗಿನ ಹಿಂದೆ ನಗು ತಡೆಯಲಾಗದೆ ಏಲಿಕುಟ್ಟಿ ಕೋಳಿ ಓಡಿಸುವ ನೆಪದಲ್ಲಿ ಹಿತ್ತಲಿಗೆ ಹೋದರು. ಅಲ್ಲಿ ಕೋಳಿ ಇರಲಿಲ್ಲ.

ಎರಡನೇ ಪರೀಕ್ಷೆಗೆ ಟೋಮಿ ನಿಯಮ ಬದಲಿಸಿದರು. ಗೆರಟೆ ಡ್ಯಾಶ್‌ಬೋರ್ಡಿನಲ್ಲಿ ಅಲ್ಲ, ದಮಯಂತಿಯ ಮಡಿಲಲ್ಲಿ. ಶೆಡ್ಡಿನಿಂದ ಕಡಬ ದಾಟಿ ಸವಣೂರು ಪೇಟೆ, ಅಲ್ಲಿಂದ ವಾಪಸ್. ಮೊದಲು ನೀಲಿ. ಇರುವುದು ಎರಡು ಸೀಟು, ಅದರಲ್ಲಿ ಒಂದು ಟೋಮಿಗೆ. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ದಮಯಂತಿಯ ಗಾಡಿಯಲ್ಲಿ ಕುಕ್ಕಪ್ಪನವರಿಗೇ ಜಾಗ ಇಲ್ಲ. ಅವರು ಕೆಂಪುಕಲ್ಲಿನ ಮೇಲೆ ಕೂತರು.

ನೀಲಿ ಹೋಯಿತು, ಬಂತು. ದಮಯಂತಿ ಒಂದು ಕೈಯಲ್ಲಿ ಬಾಗಿಲ ಹಿಡಿಕೆ, ಇನ್ನೊಂದರಲ್ಲಿ ಗೆರಟೆ ಹಿಡಿದು ಹಾಗೇ ಕೂತಿದ್ದರು. ಗೆರೆ ಮತ್ತೆ ಎರಡು ಬೆರಳು. ಜೀಪಿಗೆ ಹೋಲಿಸಿದರೆ ಸ್ವರ್ಗ. "ಪರ್ವಾಗಿಲ್ಲ," ಎಂದರು ದಮಯಂತಿ, ಇಂಜೆಕ್ಷನ್ ಚುಚ್ಚುವ ಮೊದಲು ಡಾಕ್ಟರಿಗೆ ಹೇಳುವ ದನಿಯಲ್ಲಿ.

ಆಮೇಲೆ ಹಳದಿ, ಕಲ್ಲಿಲ್ಲದೆ. ಟೋಮಿ ಮೆತ್ತಗೆ ಮಾಡುವ ಗುಂಡಿ ಒತ್ತಿ ಹೊರಟರು. ಕಣ್ಣು ರಸ್ತೆಯ ಮೇಲೆ ಅರ್ಧ, ಪಕ್ಕದ ಕೈಗಳ ಮೇಲೆ ಅರ್ಧ. ದೊಡ್ಡ ಹೊಂಡಕ್ಕೆ ಎರಡೂ ಕಾರು ಒಂದೇ, ಧಡ್ ಎಂದದ್ದು ಎಂದದ್ದೇ. ಆಗ ಅವರಿಗೆ ಒಳಗೊಳಗೇ ಒಂದು ಖುಷಿ, ಅದರ ಬೆನ್ನಿಗೇ ನಾಚಿಕೆ. ವ್ಯತ್ಯಾಸ ಇದ್ದದ್ದು ತೇಪೆ ಹಾಕಿದ ಡಾಂಬರಿನಲ್ಲಿ, ಬರೀ ಸಣ್ಣ ಸಣ್ಣ ಅಲೆಗಳ ಮೈಲಿಗಟ್ಟಲೆ ರಸ್ತೆಯಲ್ಲಿ. ನೀಲಿಯಲ್ಲಿ ಅದು ಮೂಳೆಗೆ ಒಂದೇ ಸಮನೆ ಕುಟ್ಟುತ್ತಿತ್ತು. ಇಲ್ಲಿ ಕೆಳಗೆಲ್ಲೋ ಯಾರೋ ಅದನ್ನು ಅಂಗೈಯಲ್ಲಿ ಹಿಡಿದು ಹಿಡಿದು ಬಿಡುತ್ತಿದ್ದ ಹಾಗೆ. ಕಡಬ ದಾಟುವಾಗ ದಮಯಂತಿಯ ಕೈ ಹಿಡಿಕೆ ಬಿಟ್ಟಿತು. ಮತ್ತೆ ಹಿಡಿಯಿತು. ಮತ್ತೆ ಬಿಟ್ಟಿತು. ತವರಿನ ದಾರಿ ಹೇಳತೊಡಗಿದರು, ಅಣ್ಣನ ಮನೆ, ಅಣ್ಣನ ಮನೆಯ ಬಾವಿ. ಸವಣೂರಿನಲ್ಲಿ ತಿರುಗಿಸಿ ಸ್ವಲ್ಪ ದೂರ ಬರುವಾಗ ಬಾವಿಯ ಕಥೆ ಅರ್ಧದಲ್ಲಿ ನಿಂತಿತು.

ಟೋಮಿ ತಿರುಗಿ ನೋಡಿದರೆ ದಮಯಂತಿಗೆ ನಿದ್ದೆ. ಬಾಯಿ ಸ್ವಲ್ಪ ತೆರೆದಿದೆ. ಮಡಿಲಲ್ಲಿ ಗೆರಟೆ ಮೆಲ್ಲಗೆ ಓರೆಯಾಗಿ, ಹಾಲೆಲ್ಲ ಸೀರೆಗೂ ಸೀಟಿಗೂ ಹರಿದಿದೆ.

ನಿಲ್ಲಿಸಿದರೆ ಎಚ್ಚರ ಆಗುತ್ತದೆ. ಟೋಮಿ ನಿಲ್ಲಿಸಲಿಲ್ಲ. ಕಡಬ ಬಂತು, ಹೋಯಿತು. ಶೆಡ್ಡು ಬಂತು. ಗೇಟಿನಲ್ಲಿ ಕುಕ್ಕಪ್ಪ ಬಸ್ಸಿಗೆ ಅಡ್ಡ ಹಾಕುವ ಹಾಗೆ ಕೈ ಎತ್ತಿ ನಿಂತಿದ್ದರು. ಶೆಡ್ಡೂ ಹೋಯಿತು. "ನನ್ನ ಹೆಂಡತಿ!" ಎಂದು ಕುಕ್ಕಪ್ಪ ಕೂಗಿದರು. ಜೊತೆಗೆ "ಕಾರು! ಕಾರು!" ಎಂದು ಕೂಗಿದ್ದು ಅವರೋ ಚಿನ್ಮಯನೋ, ಈಗ ಇಬ್ಬರೂ ಒಪ್ಪುವುದಿಲ್ಲ. ಟೋಮಿಯ ಫೋನು ಶೆಡ್ಡಿನಲ್ಲೇ ಇತ್ತು. ನೆಲ್ಯಾಡಿ ದಾಟಿ, ಹೆದ್ದಾರಿ ಹಿಡಿದು, ಐವತ್ತೇಳು ವರ್ಷ ಐದು ನಿಮಿಷ ಒಂದು ಕಡೆ ಕೂರದ ಮನುಷ್ಯ ಅಲುಗಾಡದೆ ಕೂತು ಕಾರು ಓಡಿಸಿದರು. ಮೂಗು ತುರಿಸಿದರೂ ಕೈ ಎತ್ತಲಿಲ್ಲ. ಒಂದೂಮುಕ್ಕಾಲು ಗಂಟೆ.

ಉಪ್ಪಿನಂಗಡಿಯಲ್ಲಿ ಒಂದು ಬಸ್ಸು ಹಾರನ್ ಹೊಡೆದು ದಮಯಂತಿಯನ್ನು ಎಬ್ಬಿಸಿತು.

"ಎಲ್ಲಿ ಇದು?"

"ಉಪ್ಪಿನಂಗಡಿ ಅಕ್ಕ."

"ಇಲ್ಲಿಗೆ ಎಂತಕ್ಕೆ ಬಂದದ್ದು?"

"ನೀವು ನಿದ್ದೆ ಮಾಡ್ತಿದ್ರಿ. ಅದಕ್ಕೆ."

ದಮಯಂತಿ ಸೀಟಿನಲ್ಲಿ ನೆಟ್ಟಗೆ ಕೂತರು. ಆಮೇಲೆ ಸೀರೆ ನೋಡಿಕೊಂಡರು. "ರಬ್ಬರ್ ಹಾಲಿನ ಕಲೆ ಹೋಗುದಿಲ್ಲ ಅಲ್ವಾ?"

"ಇಲ್ಲ."

"ಇರ್ಲಿ," ಎಂದರು ದಮಯಂತಿ.

ಹಿಂದಿರುಗಿದಾಗ ಅಂಗಳದಲ್ಲಿ ಅರ್ಧ ಕಡಬ ಸೇರಿತ್ತು, ಇನ್ನರ್ಧ ದಾರಿಯಲ್ಲಿತ್ತು. ಕುಕ್ಕಪ್ಪ ಮೊದಲು ಹೆಂಡತಿಯನ್ನು ನೋಡಿದರು, ಆಮೇಲೆ ಖಾಲಿ ಗೆರಟೆಯನ್ನು. ಧ್ವನಿಯೇ ಇಳಿದುಹೋಯಿತು. "ಪೂರಾ ಚೆಲ್ಲಿತಾ? ಹಾಗಾದ್ರೆ ಇದು ನಿನ್ನೆಗಿಂತ ಕಡೆ."

"ಕಾರು ಚೆಲ್ಲಿದ್ದಲ್ಲ. ಅಕ್ಕನ ಕೈ ಸಡಿಲ ಆದದ್ದು," ಎಂದರು ಟೋಮಿ. "ನಿದ್ದೆ ಬಂದು."

ಕುಕ್ಕಪ್ಪ ಹೆಂಡತಿಯ ಕಡೆ ತಿರುಗಿದರು. "ಗಾಡಿಯಲ್ಲಾ? ಇವಳಾ?"

"ಕೇಳಿ ಕುಕ್ಕಪ್ಪಣ್ಣ, ಎರಡೂ ಕಡೆಯದ್ದು ಹೇಳ್ತೇನೆ. ನೀವೊಬ್ರೇ ಓಡಿಸುದಾದ್ರೆ ಇದು ಬೇಡ, ನೀಲಿ ಧಾರಾಳ ಸಾಕು. ದೊಡ್ಡ ಹೊಂಡಕ್ಕೆ ಇದರಿಂದ ಎಂತದೂ ಆಗುದಿಲ್ಲ, ನೀವೇ ನಿಧಾನ ಹೋಗ್ಬೇಕು. ನಾಳೆ ಇದು ಕೆಟ್ರೆ ಇಡೀ ಹೊಸತೇ ಹಾಕ್ಬೇಕು, ಭಾರೀ ರೇಟು. ಮೂರು ತಾಲೂಕಿನಲ್ಲಿ ಬಿಚ್ಚುವವರಿಲ್ಲ. ನನ್ಗೂ ಆಗುದಿಲ್ಲ." ಕೊನೆಯ ಮಾತು ಹೇಳುವಾಗ ಟೋಮಿ ಅಂಗಳದ ಇನ್ನೊಂದು ತುದಿಗೆ ನಡೆದು ವಾಪಸ್ ಬಂದರು. "ಆದ್ರೆ ಅಕ್ಕ ಪಕ್ಕದಲ್ಲಿ ಕೂತು ಬರ್ಬೇಕು ಅಂತಿದ್ರೆ, ಬೇಕು. ಆರು ಲಕ್ಷ ಕೊಡಿ. ಕಲ್ಲು ಮಾತ್ರ ಇಡ್ಬೇಡಿ."

"ಸರ್, ಸೀಟಿನ ಕಲೆ..." ಎಂದು ಚಿನ್ಮಯ ಬಾಯಿ ತೆರೆದ.

"ಸೀಟು ನನ್ದು. ಕಲೆಯೂ ನನ್ದು. ನಿಂಗೆಂತ ಮಾರಾಯ?" ಎಂದರು ದಮಯಂತಿ.

ಇದಾಗಿ ಮೂರು ವಾರ.

ಹಳದಿ ಕಾರು ತವರುಮನೆಗೆ ಎರಡು ಸಲ ಹೋಗಿ ಬಂದಿದೆ. ದಾರಿಯುದ್ದಕ್ಕೂ ಹೆಂಡತಿಗೆ ನಿದ್ದೆ, ಮಾತಾಡಲು ಜನ ಇಲ್ಲ ಎಂಬುದು ಕುಕ್ಕಪ್ಪನವರ ಹೊಸ ದೂರು. ಎರಡು ಕೆಂಪುಕಲ್ಲು ಟೋಮಿಯ ಅಂಗಳದಲ್ಲೇ ಉಳಿದಿವೆ, ಬಂದವರು ಅದರ ಮೇಲೆ ಕೂರುತ್ತಾರೆ. ಈ ಬೆಳಿಗ್ಗೆ ಸವಣೂರಿನ ಒಂದು ಜೀಪು ಬಂದಿದೆ. ಟೋಮಿ ಅದರ ಅಡಿಯಿಂದ ಹೊರಬಂದು, ಸೀಲು ಹುಡುಕಿ, ಕಲ್ಲಿನ ಮೇಲೆ ಅರೆಕ್ಷಣ ಕೂತು, ಏಳುತ್ತಾರೆ. "ಒಂದೂಮುಕ್ಕಾಲು ಗಂಟೆ ಕೂತ್ರಂತೆ," ಎನ್ನುತ್ತಾರೆ ಏಲಿಕುಟ್ಟಿ. "ದಮಯಂತಿಯಕ್ಕ ನಿದ್ದೆಯಲ್ಲಿದ್ರು. ಸಾಕ್ಷಿ ಇಲ್ಲ. ನಾನು ನಂಬುದಿಲ್ಲ."

ಗೋಡೆಯ ನಡುವೆ ಹೊಸ ಗೆರಟೆ ಒಂದು ನೇತಾಡುತ್ತಿದೆ. ಅದರಲ್ಲಿ ಅಳೆಯಲು ಗೆರೆಯೇ ಇಲ್ಲ, ಒಂದು ಬದಿಯಲ್ಲಿ ಹಾಲು ಹರಿದುಹೋದ ದಾರಿ ಮಾತ್ರ. ಗಾಡಿ ನಂಬರಿನ ಜಾಗದಲ್ಲಿ ದಮಯಂತಿ ಎಂದು ಬರೆದಿದೆ.

ಮುಂದೆ ಎಂತ ಆಸೆ ಎಂದು ಕೇಳಿದರೆ ಟೋಮಿ ಜೀಪಿನ ಚಕ್ರವನ್ನು ಕಾಲಿನಲ್ಲಿ ಒಮ್ಮೆ ಒತ್ತಿ ನೋಡುತ್ತಾರೆ. ಹೊಸ ಶೆಡ್ಡು ಬೇಡ, ಬೋರ್ಡು ಬೇಡ. "ಆ ಅಡಾಪ್ಟಿವ್ ಉಂಟಲ್ಲ, ಕೆಟ್ಟು ಎಸೆದದ್ದು ಯಾರ ಹತ್ರ ಆದ್ರೂ ಒಂದು ಇದ್ರೆ ಕೊಡ್ಲಿಕ್ಕೆ ಹೇಳಿ. ರಿಪೇರಿ ಮಾಡ್ತೇನೆ ಅಂತ ಹೇಳುದಿಲ್ಲ. ಒಮ್ಮೆ ಬಿಚ್ಚಿ ನೋಡ್ಬೇಕು. ಅಕ್ಕನಿಗೆ ನಿದ್ದೆ ಬರಿಸಿದ್ದು ಒಳಗೆ ಎಂತದು ಅಂತ." ಜೀಪಿನ ಅಡಿಗೆ ಪುನಃ ಜಾರುತ್ತಾರೆ. ಮಿಕ್ಕ ಮಾತು ಅಲ್ಲಿಂದಲೇ ಬರುತ್ತದೆ. "ಅದನ್ನು ಮುಚ್ಚಿದವನಿಗೂ ಹತ್ತೇ ಬೆರಳು ಇದ್ದದ್ದಲ್ವಾ? ನನ್ಗೆ ಅರ್ಧ ಕಡಿಮೆ, ಅಷ್ಟೆ."